ಮಂಡಕ್ಕಿ ಮತ್ತು ಮಿರ್ಚಿಯವರ ಹುಲ್ಲು ಮತ್ತೆ ಚಿಗುರಿದ ಬಗ್ಗೆ

ಇಂದ:
ಮಹೇಶ್ವರಪ್ಪ, ಅಡಿಕೆ ಬೆಳೆಗಾರರು,
ಸದ್ಯದ ವಾಸ: ಜಗಲಿ ಮೇಲಿನ ಮಂಚ,
ನ್ಯಾಮತಿ.

ಗೆ:
ಶ್ರೀಮತಿ ಸರ್ವಮಂಗಳಮ್ಮನವರು,
ಅಡುಗೆಮನೆ, ದೇವರಮನೆ, ಹಿತ್ತಲು ಹಾಗೂ ಬೀರುವಿನ ಬೀಗದ ಕೈ, ಇವುಗಳ ಸರ್ವಾಧಿಕಾರಿಗಳು,
ಅದೇ ಮನೆ, ನ್ಯಾಮತಿ.

ಮುಖಾಂತರ:
ಕುಮಾರಿ ಮಂಡಕ್ಕಿ ಮತ್ತು ಕುಮಾರಿ ಮಿರ್ಚಿ, ಗಿನಿಪಿಗ್‌ಗಳು,
ಹಿತ್ತಲ ಬಾಗಿಲ ಪಕ್ಕದ ಗೂಡು.

ವಿಷಯ: ಹಿತ್ತಲಿನ ಹುಲ್ಲನ್ನು ಮತ್ತೆ ಬೆಳೆಸಿರುವ ಬಗ್ಗೆ, ಹಾಗೂ ಸದರಿ ಹುಲ್ಲನ್ನು ಸ್ಥಳ ತನಿಖೆ ಮಾಡಿ ಅರ್ಜಿದಾರರೊಂದಿಗೆ ನಿಂತುಹೋಗಿರುವ ಮಾತನ್ನು ಪುನರಾರಂಭಿಸುವ ಬಗ್ಗೆ.

ಉಲ್ಲೇಖ:
1. ಹೊನ್ನಾಳಿಯಿಂದ ವಾಪಸು ಬರುವಾಗ ಆಟೋದಲ್ಲಿ ತಾವು ಆಡಿದ ಕೊನೆಯ ಮಾತು.
2. ಅಲ್ಲಿಂದೀಚೆಗೆ ತಾವು ಆಡದ ಮಾತುಗಳು.
3. ಅರ್ಜಿದಾರರು ಗೂಡಿನ ಮುಂದೆ ನಿಂತು ಬಾಯಲ್ಲಿ ಸಲ್ಲಿಸಿದ ಮನವಿಗಳು (ಹಿಂಬರಹ ಬಂದಿರುವುದಿಲ್ಲ).

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮಲ್ಲಿ ಮೊದಲು ಅರಿಕೆ ಮಾಡಿಕೊಳ್ಳಬೇಕಾದದ್ದು ಏನೆಂದರೆ, ಈ ಅರ್ಜಿಯನ್ನು ಅರ್ಜಿದಾರರು ಬರೆದದ್ದಲ್ಲ. ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಕೂತು ಪೋಡಿ, ಖಾತೆ, ಪಿಂಚಣಿ ಅರ್ಜಿ ಬರೆಯುವ ದಾಸಪ್ಪನಾದ ನಾನು ಬರೆಯುತ್ತಿದ್ದೇನೆ. ಹೆಂಡತಿಗೆ ಅರ್ಜಿ ಬರೆಸಲು ಬಂದ ಗಿರಾಕಿ ನನಗೆ ಇವರೇ ಮೊದಲು. "ಅಲ್ರೀ ಗೌಡ್ರೇ, ಮನೆಗೆ ಹೋಗಿ ಬಾಯಲ್ಲೇ ಹೇಳ್ರಿ, ಇದಕ್ಕೂ ಕಾಗದ ಯಾಕೆ?" ಎಂದು ಕೇಳಿದೆ. "ಬಾಯಿ ನಡೆಯಂಗಿಲ್ಲಪ್ಪ ದಾಸಪ್ಪ, ನಡೆದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?" ಎಂದು ಕಲ್ಲಿನ ಮೇಲೆ ಕೂತರು. ಆದ್ದರಿಂದ ಈ ಕಾಗದದಲ್ಲಿ ‘ಅರ್ಜಿದಾರರು’ ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ತಮ್ಮ ಯಜಮಾನರು ಎಂದೇ ಓದಿಕೊಳ್ಳುವುದು. ನಡುನಡುವೆ ಅಡ್ಡ ಮಾತು ಬಂದರೆ ಅದು ನನ್ನದು. ಸಿಟ್ಟು ಬಂದರೆ ನನ್ನ ಮೇಲೆ ತೋರಿಸಬಹುದು, ನಾನು ದಿನಾ ಅಲ್ಲೇ ಕೂತಿರುತ್ತೇನೆ.

1. ಕಡತ ಪೂರ್ತಿಯಾಗಿರಲಿ ಎಂಬ ಕಾರಣಕ್ಕೆ ಮೊದಲಿನಿಂದ ಹೇಳುವುದಾದರೆ, ತಮ್ಮ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದ ಹೈಸ್ಕೂಲು ಮೇಡಂ ಸಂಧ್ಯಾರಾಣಿಯವರಿಗೆ ಚನ್ನಗಿರಿಗೆ ವರ್ಗವಾಯಿತು. ಅಲ್ಲಿ ಸಿಕ್ಕ ಮನೆಯ ಮಾಲೀಕರು ಪ್ರಾಣಿ ಗೀಣಿ ಆಗಂಗಿಲ್ಲ ಅಂದರು. ಕಾರಣ ಮೇಡಂ ಇಲ್ಲಿ ಸಾಕಿದ್ದ ಎರಡು ಹೆಣ್ಣು ಗಿನಿಪಿಗ್‌ಗಳನ್ನು "ಒಂದು ವಾರ ಇಟ್ಕೊಂಡಿರಿ ಆಂಟಿ" ಎಂದು ತಮ್ಮ ಕೈಗೆ ಕೊಟ್ಟು ಹೋದರು. ಆ ವಾರ ಇನ್ನೂ ಮುಗಿದಿಲ್ಲ. ಬೆಳ್ಳಗಿರುವುದಕ್ಕೆ ಮಂಡಕ್ಕಿ, ಕೆಂಚಗಿರುವುದಕ್ಕೆ ಮಿರ್ಚಿ ಎಂದು ತಾವೇ ಹೆಸರಿಟ್ಟಿರಿ. ಮೊದಲ ದಿನ ಅರ್ಜಿದಾರರು "ಏನೇ ಇದು, ಬಾಲ ಇಲ್ಲದ ಇಲಿ ತಂದು ಮನೆಯಾಗೆ ಇಟ್ಟೀಯ?" ಎಂದು ಕೇಳಿದ್ದು ನಿಜ. ಸದರಿ ಹೇಳಿಕೆಯನ್ನು ಈ ಮೂಲಕ ಹಿಂಪಡೆಯಲಾಗಿದೆ.

2. ಮೇಡಂ ಹೋಗುವಾಗ ಒಂದು ಮಾತು ಒತ್ತಿ ಹೇಳಿದ್ದರು. ಇವಕ್ಕೆ ಊಟ ಅಂದರೆ ಹುಲ್ಲೇ, ಆದರೆ ಔಷಧಿ ಮುಟ್ಟದ ಹುಲ್ಲು ಆಗಬೇಕು. ಆದ್ದರಿಂದ ತಾವು ಕರಿಬೇವಿನ ಗಿಡಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ, ಎರಡು ಮಂಚ ಹಾಕುವಷ್ಟು ಜಾಗದಲ್ಲಿ ಗರಿಕೆ ಬೆಳೆಸಿದಿರಿ. ಸಂಜೆಯಾದರೆ ಆ ಹುಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದಿರಿ. ಅವೆರಡೂ ತಮ್ಮ ಸೀರೆಯ ನೆರಿಗೆಯ ಸುತ್ತ ಮೇಯುತ್ತ, ಹುಯ್ ಹುಯ್ ಎಂದು ಕೂಗುತ್ತ, ಒಮ್ಮೊಮ್ಮೆ ಯಾವ ಕಾರಣವೂ ಇಲ್ಲದೆ ನಿಂತಲ್ಲೇ ಎಗರುತ್ತ ಇರುತ್ತಿದ್ದವು. ತಾವು ನಗುತ್ತಿದ್ದಿರಿ. ಕಟ್ಟೆಯ ಮೇಲೆ ಟೀ ಕುಡಿಯುತ್ತಿದ್ದ ಅರ್ಜಿದಾರರಿಗೆ, ಇಷ್ಟು ವರ್ಷ ನನ್ನ ಜತೆ ಬಾಳಿದವಳು ನನ್ನ ಮಾತಿಗೆ ಹಿಂಗೆ ಯಾವತ್ತೂ ನಗಲಿಲ್ಲವಲ್ಲ ಎಂದು ಹೊಟ್ಟೆ ಉರಿದಿದೆ. ಇದನ್ನು ಅವರು ಬರೆ ಎಂದು ಹೇಳಿಲ್ಲ, ಅವರ ಮುಖ ನೋಡಿ ನಾನು ಬರೆದದ್ದು.

3. ಇನ್ನು ಅರ್ಜಿದಾರರ ಸ್ವಭಾವ. ಬುದ್ಧಿ ಬಂದಾಗಿನಿಂದ ಇವರು ಹುಲ್ಲಿನ ಜತೆ ಜಗಳ ಆಡಿಕೊಂಡೇ ಬಂದವರು. ಮೆಕ್ಕೆಜೋಳದ ಸಾಲಿನಲ್ಲಿ ಹುಲ್ಲು, ತೋಟದಲ್ಲಿ ಹುಲ್ಲು, ಬದುವಿನ ಮೇಲೆ ಹುಲ್ಲು. ಹಸಿರು ಗರಿ ಕಂಡರೆ ಸಾಕು, ಕೈ ತಾನಾಗಿ ಕೆಳಗೆ ಹೋಗುತ್ತದೆ. ಶಿವಮೊಗ್ಗದ ಯಾವುದೋ ಮದುವೆ ಛತ್ರದ ಲಾನಿನಲ್ಲಿ ಬೀಗರ ಜತೆ ಮಾತಾಡುತ್ತ ಕೂತು, ಎದ್ದು ಬರುವಷ್ಟರಲ್ಲಿ ಒಂದು ಚೌಕ ಬೋಳು ಮಾಡಿಟ್ಟು ಬಂದ ಮಹಾನುಭಾವರು. ಅದೂ ಅಲ್ಲದೆ ನಮ್ಮ ಕಡೆ ಮನೆ ಸುತ್ತ ಹುಲ್ಲು ಬೆಳೆಯಿತು ಅಂದರೆ ಆ ಮನೆಯಲ್ಲಿ ಕೈಕಾಲು ಆಡಿಸುವವರು ಯಾರೂ ಉಳಿದಿಲ್ಲ ಅಂತಲೇ ಲೆಕ್ಕ. ಹೀಗಿರುವಾಗ ಮನೆಯಲ್ಲೇ, ಬೇಕಂತಲೇ, ನೀರು ಹಾಕಿ ಹುಲ್ಲು ಬೆಳೆಸುವುದನ್ನು ದಿನಾ ನೋಡಿಕೊಂಡು ಸುಮ್ಮನಿರುವುದು ಅವರಿಗೆ ಎಷ್ಟು ಕಷ್ಟವಾಗಿತ್ತು ಎಂಬುದನ್ನು ತಾವು ಪರಿಗಣಿಸಬೇಕು. ಇದು ಸಮರ್ಥನೆಯಲ್ಲ, ಮಾಹಿತಿ.

4. ತಾವು ತಂಗಿಯ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಜಗಳೂರಿಗೆ ಹೊರಟಿರಿ. ಹೊರಡುವಾಗ "ಬೆಳಿಗ್ಗೆ ನೀರು ಹಾಕ್ರಿ, ಗೂಡಿಗೆ ಹುಲ್ಲು ಹಾಕ್ರಿ, ಬೆಕ್ಕು ಬರದಂಗೆ ನೋಡ್ಕೊಳ್ರಿ. ಬೇರೆ ಏನೂ ಮಾಡಾಕೆ ಹೋಗಬ್ಯಾಡ್ರಿ" ಎಂದು ಹೇಳಿದಿರಿ. ಮೊದಲ ಮೂರನ್ನು ಅರ್ಜಿದಾರರು ಚಾಚೂ ತಪ್ಪದೆ ಪಾಲಿಸಿದ್ದಾರೆ.

ಕಾಲ ಕೆಟ್ಟಿತ್ತು. ಸಂತೇಬೆನ್ನೂರಿನ ಹಳೇ ಸ್ನೇಹಿತ ದೊಡ್ಡಣ್ಣನವರು ಮಗಳ ಲಗ್ನಪತ್ರಿಕೆ ಕೊಡಲು ಬಂದರು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು, ಹೋದವರು ಅಲ್ಲೇ ನಿಂತರು. "ಏನೋ ಮಹೇಶ್ವರಪ್ಪ, ಹಿತ್ತಲ ಹಿಂಗೆ ಬಿಟ್ಟೀಯ? ನಮ್ಮೂರ ಪಾಳು ಗುಡಿ ಹಿತ್ತಲೂ ಇದಕ್ಕಿಂತ ಚಂದ ಐತಲ್ಲೋ! ಸೊಂಟ ಬಿದ್ದೋಯ್ತೇನು ನಿಂದು?" ಎಂದು ನಕ್ಕರು. ಇದು ಗಿನಿಪಿಗ್‌ಗೆ ಅಂತ ಬೆಳೆಸಿದ್ದು ಮಾರಾಯ ಎಂದು ಹೇಳಬಹುದಿತ್ತು. ಆದರೆ ಅಡಿಕೆ ತೋಟದ ಯಜಮಾನ ಇಲಿಯಂಥ ಪ್ರಾಣಿಗೆ ಹುಲ್ಲು ಬೆಳೆಸುತ್ತಾನೆ ಎಂದು ಸಂತೇಬೆನ್ನೂರು ಸಂತೆಯ ತುಂಬ ಮಾತಾದರೆ ಏನು ಗತಿ ಎಂದು ಅರ್ಜಿದಾರರ ನಾಲಿಗೆ ಏಳಲಿಲ್ಲ. "ನಾಳೆ ಆಳು ಬರ್ತಾನೆ ಕಣೋ" ಎಂದು ಸುಳ್ಳು ಹೇಳಿದರು. ದೊಡ್ಡಣ್ಣನವರು ಊಟ ಮಾಡಿ ಬಸ್ ಹತ್ತಿದರು. ಹತ್ತಿದ್ದೇ ತಡ, ಇವರು ತೋಟಕ್ಕೆ ತಂದು ಮಿಕ್ಕಿದ್ದ ಕಳೆನಾಶಕವನ್ನು ಪಂಪಿಗೆ ಸುರಿದು, ಬೆನ್ನಿಗೆ ಹಾಕಿಕೊಂಡು, ಎರಡು ಮಂಚದ ಜಾಗವನ್ನು ಎರಡು ಎಕರೆ ಎಂಬಂತೆ ಶ್ರದ್ಧೆಯಿಂದ ತೋಯಿಸಿದರು. ಗಿನಿಪಿಗ್‌ಗಳು ಗೂಡಿನಲ್ಲಿದ್ದವು, ಅವಕ್ಕೆ ಎರಡು ದಿನಕ್ಕಾಗುವ ಹುಲ್ಲನ್ನು ಮೊದಲೇ ಕೊಯ್ದಿಟ್ಟಿದ್ದರು. ಅವು ಒಳಗೆ, ಹುಲ್ಲು ಹೊರಗೆ, ಏನಾಗುತ್ತೆ ಎಂಬುದು ಆಗಿನ ತಿಳಿವಳಿಕೆ.

5. ಮುಂದಿನದ್ದನ್ನು ಹೇಳುವಾಗ ಅರ್ಜಿದಾರರ ದನಿ ಸಣ್ಣಗಾಯಿತು, ಬರೆಯುವವನು ಎರಡು ಸಲ "ಏನಂದ್ರಿ?" ಎಂದು ಕೇಳಬೇಕಾಯಿತು.

ತಾವು ಇನ್ನೆರಡು ದಿನ ಬಿಟ್ಟು ಬರುತ್ತೀರಿ ಎಂದುಕೊಂಡಿದ್ದರೆ ಮಾರನೇ ಸಂಜೆಯೇ ಬಂದುಬಿಟ್ಟಿರಿ. ಕಳೆನಾಶಕ ಹೊಡೆದ ತಕ್ಷಣ ಹುಲ್ಲು ಸಾಯುವುದಿಲ್ಲ, ಕೆಲವು ದಿನ ಹಸಿರಾಗಿಯೇ ನಿಂತಿರುತ್ತದೆ. ಕಾರಣ ತಮಗೆ ಗೊತ್ತಾಗಲಿಲ್ಲ. ಬ್ಯಾಗು ಇಟ್ಟವರೇ ಸೀದಾ ಹಿತ್ತಲಿಗೆ ಹೋಗಿ "ಅಯ್ಯೋ ನನ್ನ ಬಂಗಾರಗಳಾ, ಹೊಟ್ಟೆ ಹಸೀತೇನ್ರವ್ವಾ" ಎಂದು ಎರಡನ್ನೂ ಹುಲ್ಲಿಗೆ ಬಿಟ್ಟಿರಿ. ಅರ್ಜಿದಾರರು ಕಟ್ಟೆಯ ಮೇಲೆ ಟೀ ಲೋಟ ಹಿಡಿದು ಕೂತಿದ್ದರು. ಎಲ್ಲವನ್ನೂ ನೋಡುತ್ತಿದ್ದರು. "ಏ ಮಂಗ್ಳಾ, ಬಿಡಬ್ಯಾಡ" ಎಂಬ ಮಾತು ಗಂಟಲ ತನಕ ಬಂದಿತ್ತು. ಬೈತಾಳೆ ಎಂದು ಹೆದರಿ ಟೀ ಜತೆ ನುಂಗಿಬಿಟ್ಟರು. ಸ್ವಲ್ಪ ತಿಂದರೆ ಏನೂ ಆಗಲ್ಲ ಎಂದು ಮನಸ್ಸಿಗೆ ಹೇಳಿಕೊಂಡರು. ಅಷ್ಟರಲ್ಲಿ ತಮ್ಮ ಮೂಗಿಗೆ ವಾಸನೆ ಬಡಿಯಿತು. ತಾವು ಪಂಪಿನ ಕಡೆ ನೋಡಿದಿರಿ, ಆಮೇಲೆ ಇವರ ಮುಖ ನೋಡಿದಿರಿ. ಕೇಳುವುದು ಏನೂ ಉಳಿದಿರಲಿಲ್ಲ.

6. ಮಂಡಕ್ಕಿ ಇನ್ನೂ ಮೂಸುತ್ತಿತ್ತು, ಮಿರ್ಚಿ ಮಾತ್ರ ಆಸೆಬುರುಕಿ, ಬಾಯಿ ತುಂಬ ತಿಂದಿತ್ತು. ಎರಡನ್ನೂ ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ಆಟೋದಲ್ಲಿ ಹೊನ್ನಾಳಿಯ ದನದ ಡಾಕ್ಟರ ಬಳಿ ಓಡಿದಿರಿ. "ಅಮ್ಮಾ, ಎಮ್ಮೆ ನೋಡೀನಿ, ಕುರಿ ನೋಡೀನಿ, ಒಮ್ಮೆ ಒಂಟೆನೂ ನೋಡೀನಿ. ಇದು ಹೊಸದು" ಎಂದರೂ ಆ ಪುಣ್ಯಾತ್ಮ ಯಾರಿಗೋ ಫೋನು ಮಾಡಿ ಕೇಳಿ ಕೇಳಿ ಔಷಧಿ ಕೊಟ್ಟರು. ಮಿರ್ಚಿ ಊಟ ಬಿಟ್ಟಿತು. ತಾವು ಅದನ್ನು ಮಡಿಲಲ್ಲಿ ಹಾಕಿಕೊಂಡು ಸಿರಿಂಜಿನಲ್ಲಿ ಗಂಜಿ ಹಾಕಿದಿರಿ, ತಾವೂ ಸರಿಯಾಗಿ ಉಣ್ಣಲಿಲ್ಲ. ಒಂದು ಬೆಳಿಗ್ಗೆ ಅದು ಎದ್ದು ಹುಯ್ ಎಂದಾಗ ತಾವು ಅತ್ತುಬಿಟ್ಟಿರಿ. ಅರ್ಜಿದಾರರೂ ಅತ್ತಿದ್ದಾರೆ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದರಿಂದ ತಮ್ಮ ಗಮನಕ್ಕೆ ಬಂದಿರಲಾರದು.

7. ಹೊನ್ನಾಳಿಯಿಂದ ಬರುವಾಗ ಆಟೋದಲ್ಲಿ ತಾವು ಆಡಿದ ಮಾತನ್ನು ಅರ್ಜಿದಾರರು ಅಕ್ಷರ ಬಿಡದೆ ಹೇಳಿದರು: "ಹುಲ್ಲಿಗೆ ಹೊಡೆದಿದ್ದಕ್ಕಲ್ಲರೀ ನನ್ನ ಸಿಟ್ಟು. ಅವು ಮೂಕಪ್ರಾಣಿ, ನಿಮಗೆ ಬಾಯಿ ಇತ್ತು. ನಿಮ್ಮ ಕಣ್ಣೆದುರಿಗೇ ಬಿಟ್ಟೆ, ನೋಡ್ಕೊಂಡು ಕೂತ್ರಲ್ಲ. ಇನ್ನು ನಾನೂ ಬಾಯಿ ಬಿಡಲ್ಲ. ಹೆಂಗಿರುತ್ತೆ ನೋಡ್ರಿ."

ಹೇಗಿರುತ್ತದೆ ಎಂಬುದನ್ನು ಅರ್ಜಿದಾರರು ನೋಡಿದ್ದಾರೆ. ಆ ದಿನದಿಂದ ಮನೆಯ ಎಲ್ಲ ವ್ಯವಹಾರ ಗಿನಿಪಿಗ್‌ಗಳ ಮುಖಾಂತರವೇ ನಡೆಯುತ್ತಿದೆ. "ಮಂಡಕ್ಕೀ, ರೊಟ್ಟಿ ತಣ್ಣಗಾಗಾಕೆ ಹತ್ತೈತೆ, ಉಣ್ಣಾಕೆ ಬರಾಕೆ ಹೇಳವ್ವ ಅವರಿಗೆ." "ಮಿರ್ಚೀ, ಅಂಗಿ ಒದ್ದೆ ಐತೆ, ಹಾಕ್ಕೊಂಡು ಹೋಗಬ್ಯಾಡ್ರಿ ಅಂತ ಹೇಳು." ಅರ್ಜಿದಾರರೂ ಅದೇ ದಾರಿಯಲ್ಲಿ "ಮಂಡಕ್ಕೀ, ಸಾರಿಗೆ ಉಪ್ಪು ಸರಿ ಐತೆ ಅಂತ ಹೇಳಮ್ಮ" ಎಂದು ಉತ್ತರ ಕೊಡುತ್ತಾರೆ. ಮಂಡಕ್ಕಿಯವರು ಯಾವ ಸಂದೇಶವನ್ನೂ ಮುಂದಕ್ಕೆ ಕಳಿಸಿದ ದಾಖಲೆಯಿಲ್ಲ, ತಿನ್ನುತ್ತ ಕೂತಿರುತ್ತಾರೆ.

8. ಸದರಿ ಅವಧಿಯಲ್ಲಿ ಅರ್ಜಿದಾರರು ಕೈಕಟ್ಟಿ ಕೂತಿಲ್ಲ. ಚನ್ನಗಿರಿಯ ಮೇಡಂಗೆ ಫೋನು ಮಾಡಿ, ಮೊದಲು ಅವರಿಂದಲೂ ಬೈಸಿಕೊಂಡು, ಆಮೇಲೆ ಕೇಳಿ ತಿಳಿದು ಈ ಕೆಳಕಂಡ ಕೆಲಸ ಮಾಡಿದ್ದಾರೆ:

(ಅ) ಔಷಧಿ ಬಿದ್ದ ಮಣ್ಣನ್ನು ಮೊಣಕೈ ಆಳ ತೆಗೆದು ಹೊರಗೆ ಸಾಗಿಸಿ, ಗೋವಿನಕೋವಿಯ ಅಕ್ಕನ ಹೊಲದಿಂದ ಔಷಧಿ ಕಾಣದ ಮಣ್ಣು ತಂದು ತುಂಬಿಸಿದ್ದಾರೆ. ಗರಿಕೆ ಬೇರನ್ನೂ ಅಲ್ಲಿಂದಲೇ ತಂದು ನೆಟ್ಟಿದ್ದಾರೆ. "ಹುಲ್ಲು ಕೀಳಾಕೆ ಬರ್ತಿದ್ದ ತಮ್ಮ ಹುಲ್ಲು ನೆಡಾಕೆ ಬೇರು ಒಯ್ತಾನಲ್ಲ, ತಲೆ ನೆಟ್ಟಗೈತಾ?" ಎಂದು ಅಕ್ಕ ಕೇಳಿದ್ದಾರೆ.

(ಆ) ಹಸಿ ಸಗಣಿ ಹಾಕಿಲ್ಲ, ಹಳೇ ತಿಪ್ಪೆಯ ಕಳಿತ ಗೊಬ್ಬರವನ್ನು ಜರಡಿ ಹಿಡಿದು ಹಾಕಿದ್ದಾರೆ. ನೀರು ಬೆಳಿಗ್ಗೆ ಮಾತ್ರ, ಸಂಜೆಗೆ ಹುಲ್ಲು ಒಣಗಿರಲಿ ಎಂದು. ಒದ್ದೆ ಹುಲ್ಲು ತಿಂದರೆ ಅವಕ್ಕೆ ಹೊಟ್ಟೆ ಉಬ್ಬರಿಸುತ್ತದಂತೆ.

(ಇ) ಒಗೆಯುವ ಕಲ್ಲಿನ ಸೋಪಿನ ನೀರು ಹುಲ್ಲಿಗೆ ಬರದ ಹಾಗೆ ಬೇರೆ ಕಾಲುವೆ ತೋಡಿದ್ದಾರೆ. ನಡುವೆ ಹುಟ್ಟಿದ ಪಾರ್ಥೇನಿಯಂ, ಉಮ್ಮತ್ತಿ ಗಿಡಗಳನ್ನು ಬೇರು ಸಮೇತ ಕೈಯಲ್ಲೇ ಕಿತ್ತಿದ್ದಾರೆ. ಗರಿಕೆ ಬಿಟ್ಟು ಬೇರೆಯದನ್ನು ಮಾತ್ರ ಕೀಳಲು ಕೈಗೆ ಹೊಸದಾಗಿ ಕಲಿಸಬೇಕಾಯಿತು.

(ಈ) ಬೆಕ್ಕು, ಮುಂಗುಸಿ, ಹೆಗ್ಗಣ, ಹದ್ದು, ಪಕ್ಕದ ಮನೆ ಬಸವರಾಜ್ ಅವರ ನಾಯಿ, ಇವೆಲ್ಲದರ ಸಲುವಾಗಿ ಸುತ್ತ ಹಾಗೂ ಮೇಲೆ ಕೋಳಿಗೂಡಿಗೆ ಹಾಕುವ ತಂತಿ ಬಲೆ ಹಾಕಿಸಿ, ಅಡಿಯನ್ನು ನೆಲದೊಳಕ್ಕೆ ಹೂತಿದ್ದಾರೆ. ಒಂದು ಮೂಲೆಗೆ ಅಡಿಕೆ ಸೋಗೆಯ ನೆರಳು ಇದೆ. ಅರ್ಧ ಜಾಗ ಮೇಯಲು, ಅರ್ಧ ಚಿಗುರಲು, ಹೀಗೆ ಪಾಳಿ ಮಾಡಿ ನಡುವೆ ಹಲಗೆ ಇಟ್ಟಿದ್ದಾರೆ.

(ಉ) ಎಲೆ ಅಡಿಕೆ ಹಾಕಿ ಹಿತ್ತಲಲ್ಲಿ ಉಗುಳುವ ಪಿತ್ರಾರ್ಜಿತ ಹಕ್ಕನ್ನು ಅಡಿಕೆ ಬೆಳೆಗಾರರಾದ ಅರ್ಜಿದಾರರು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ. ಇದು ಸಣ್ಣ ವಿಷಯವಲ್ಲ ಎಂದು ಅವರೇ ಬರೆಸಿದರು.

9. ಮುಂಗಾರು ಕೈಕೊಡಲಿಲ್ಲ, ಗರಿಕೆ ಹಬ್ಬಿತು. ಸಂಕಷ್ಟಿ ದಿನ ಕಾಂಪೌಂಡಿನ ಆಚೆ ಮನೆಯ ದ್ಯಾಮಮ್ಮನವರು ಎಂದಿನಂತೆ ಪೂಜೆಗೆ ಗರಿಕೆ ಕೀಳಲು ಬಂದಾಗ ಅರ್ಜಿದಾರರು ಬಲೆಗೆ ಅಡ್ಡ ನಿಂತರು. "ಗಣಪ್ಪಗೆ ಇಲ್ಲದ ಗರಿಕೆ ಇಲಿಗೇನ್ರೀ?" ಎಂದು ದ್ಯಾಮಮ್ಮ ಕೈ ತಿರುಗಿಸಿದರು. "ಗಣಪ್ಪನ ಗಾಡಿನೂ ಅದೇ ಜಾತಿ ಅಲ್ಲೇನವ್ವ? ಗಾಡಿಗೆ ಹಾಕಿದ್ರೆ ಅವನಿಗೇ ಹಾಕ್ದಂಗೆ ಬಿಡು" ಎಂದು ಇವರು ಹೇಳಿ ಕಳಿಸಿದರು. ದೊಡ್ಡಣ್ಣನವರ ಮಗಳ ಮದುವೆಗೂ ಹೋಗಿ, ಊಟದ ಪಂಕ್ತಿಯಲ್ಲೇ, "ನಮ್ಮನೆ ಹುಲ್ಲು ಗಿನಿಪಿಗ್‌ಗೆ ಅಂತಲೇ ಬೆಳೆಸಿದ್ದು ಕಣೋ, ಆವತ್ತು ಸುಳ್ಳು ಹೇಳಿದೆ" ಎಂದು ದೊಡ್ಡ ದನಿಯಲ್ಲಿ ಹೇಳಿ ಬಂದಿದ್ದಾರೆ. ನಕ್ಕವರು ನಕ್ಕರು. ಎಲೆ ಮುಂದೆ ಕೂತಿದ್ದ ಇನ್ನೊಬ್ಬರು ಅವಕ್ಕೆ ಏನೇನು ಹಾಕ್ತೀರಿ ಎಂದು ವಿಚಾರಿಸಿದ್ದೂ ಉಂಟು.

10. ಹುಲ್ಲು ನಂಬಿಕೆಗೆ ಯೋಗ್ಯವೇ ಎಂದು ಪರೀಕ್ಷಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ಬಸವರಾಜ್ ಅವರ ಆಡನ್ನು ಬಿಟ್ಟು ನೋಡೋಣ ಎಂದು ಯಾರೋ ಸಲಹೆ ಕೊಟ್ಟರು. ಅದರ ಜೀವವೂ ಜೀವವೇ ಎಂಬ ಕಾರಣಕ್ಕೆ ಅರ್ಜಿದಾರರು ಒಪ್ಪಲಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಸ್ವತಃ ಅರ್ಜಿದಾರರೇ ಒಂದು ಹಿಡಿ ಗರಿಕೆ ಕಿತ್ತು ತೊಳೆದು ಅಗಿದು ನುಂಗುತ್ತಿದ್ದಾರೆ. ಬಾಯಿ ಸ್ವಲ್ಪ ಒಗರಾಗುತ್ತದೆ, ಉಳಿದಂತೆ ಆರೋಗ್ಯವಾಗಿದ್ದಾರೆ. ಪರೀಕ್ಷೆಯನ್ನು ಕಾಂಪೌಂಡಿನ ಮೇಲಿಂದ ನೋಡಿದ ದ್ಯಾಮಮ್ಮನವರು ಬೀದಿಯಲ್ಲಿ ಹೇಳಿಕೊಂಡು ಬರುತ್ತಿರುವುದನ್ನು ತಾವು ನಂಬಬಾರದು. ಮನುಷ್ಯನಿಗೆ ತಲೆ ಕೆಟ್ಟಿಲ್ಲ.

11. ಮೇಲಿನದೆಲ್ಲ ನಾನು ಬರೆದು ಓದಿ ಹೇಳಿದ ಮೇಲೆ, "ಆಯ್ತಾ ಗೌಡ್ರೇ, ಸಹಿ ಹಾಕ್ರಿ" ಅಂದೆ. ಹಾಕಲಿಲ್ಲ. ಪೆನ್ನನ್ನು ನನ್ನ ಕೈಗೇ ವಾಪಸು ಕೊಟ್ಟು, "ಇನ್ನೊಂದೈತೆ" ಅಂದರು.

ಹುಲ್ಲು ಬೆಳೆಯುವ ತನಕ ಗೂಡಿಗೆ ಬೇಕಾದ ಹುಲ್ಲನ್ನು ಅವರು ದಿನಾ ಮೊಪೆಡ್ಡಿನಲ್ಲಿ ಗೋವಿನಕೋವಿಯಿಂದ ತಂದು ಬಾಗಿಲಲ್ಲಿ ಇಡುತ್ತಿದ್ದಾರೆ. ತಾವು ಆ ಕಟ್ಟು ಬಿಚ್ಚುತ್ತೀರಿ, ಒಂದೊಂದೇ ಹಿಡಿ ಎತ್ತಿ ಮೂಗಿಗೆ ಹಿಡಿದು ಮೂಸುತ್ತೀರಿ, ಆಮೇಲೆ ಹಾಕುತ್ತೀರಿ. ಅವರು ಜಗಲಿಯ ಮೇಲೆ ಕೂತು ಅದನ್ನು ನೋಡುತ್ತಾರೆ. "ಇಷ್ಟು ವರ್ಷ ನಾನು ತಂದ ತರಕಾರಿ, ನಾನು ತಂದ ಅಕ್ಕಿ, ಒಂದಿನ ಮೂಸಿ ನೋಡಿದೋಳಲ್ಲ ದಾಸಪ್ಪ ಅವಳು. ನನ್ನ ಕೈ ಹುಲ್ಲು ಮೂಸ್ತಾಳೆ. ಮೂಸೋದು ತಪ್ಪಲ್ಲ, ನಾನು ಮಾಡಿದ ಕೆಲಸಕ್ಕೆ ಮೂಸಲೇಬೇಕು. ಆದ್ರೆ ತಡಕೊಳ್ಳಾಕೆ ಆಗ್ತಿಲ್ಲಪ್ಪ" ಎಂದರು. ನಾನು ಈ ಸಾಲು ಅರ್ಜಿಯ ಭಾಷೆಗೆ ಕೂರುವುದಿಲ್ಲ, ತೆಗೆಯೋಣ ಎಂದೆ. ಇರಲಿ ಎಂದರು. ಕಾರಣ ಇದ್ದಂತೆಯೇ ನಮೂದಿಸಿದ್ದೇನೆ.

ಆದ್ದರಿಂದ, ಮೇಲೆ ವಿವರಿಸಿದ ಎಲ್ಲ ಕಾರಣಗಳಿಂದಾಗಿ ಹಾಗೂ ಆ ಕಾರಣಗಳು ಸಾಲದಿದ್ದಲ್ಲಿ ಶ್ರಾವಣ ಮಾಸ ಎಂಬ ಕಾರಣದಿಂದಲಾದರೂ, ತಾವು ಮಂಡಕ್ಕಿ ಮತ್ತು ಮಿರ್ಚಿಯವರ ಸಮೇತ ಖುದ್ದಾಗಿ ಹಿತ್ತಲಿಗೆ ಬಂದು, ಸದರಿ ಹುಲ್ಲನ್ನು ಬರಿಗಾಲಲ್ಲಿ ತುಳಿದು, ಬೇಕಾದಷ್ಟು ಮೂಸಿ, ಸ್ಥಳ ಮಹಜರು ನಡೆಸಿ, ಯೋಗ್ಯವೆಂದು ಕಂಡುಬಂದಲ್ಲಿ ಮಾತ್ರ ಅವುಗಳನ್ನು ಬಿಡಬೇಕೆಂದು ಕೋರಲಾಗಿದೆ. ಯೋಗ್ಯವಲ್ಲವೆಂದು ಕಂಡರೆ ಮಣ್ಣು ಮತ್ತೆ ತೆಗೆಯಲು ಸಲಿಕೆ ಸಿದ್ಧವಿದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸ ಕಳೆದುಕೊಂಡು ಅದನ್ನೇ ಹುಡುಕುತ್ತಿರುವ,
(ಸಹಿ) ಮಹೇಶ್ವರಪ್ಪ

ಸ್ಥಳ: ನ್ಯಾಮತಿ
ದಿನ: ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ, ಗರಿಕೆ ಅಗಿದಾದ ಮೇಲೆ

ಲಗತ್ತುಗಳು:
1. ಬೇರು ಸಮೇತ ಗರಿಕೆ, ಒಂದು ಹಿಡಿ (ಮೂಸಲು).
2. ಔಷಧಿ ಹೊಡೆಯುವ ಪಂಪಿನ ಮೂತಿ, ಬಿಚ್ಚಿದ್ದು. ಪಂಪು ತೋಟದ ಮನೆಗೆ ಹೋಗಿದೆ, ಇನ್ನು ಈ ಮನೆಗೆ ಬರುವುದಿಲ್ಲ.
3. ಈ ಅರ್ಜಿಯದೇ ಇನ್ನೊಂದು ಪ್ರತಿ. ಮೊದಲನೆಯದನ್ನು ಮಂಡಕ್ಕಿಯವರು ದಾರಿಯಲ್ಲೇ ತಿಂದುಹಾಕುವ ಸಂಭವವಿರುತ್ತದೆ.

ಕೊನೆಯ ಕೋರಿಕೆ: ಸಹಿ ಹಾಕಿ ಎರಡು ಹೆಜ್ಜೆ ಹೋದವರು ವಾಪಸು ಬಂದು ಬರೆಸಿದ್ದು. ಅರ್ಜಿದಾರರು ಆವತ್ತು ಬಾಯಿ ಬಿಡದೆ ಕೂತದ್ದು ತಾವು ಬೈಯುತ್ತೀರಿ ಎಂಬ ಭಯದಿಂದ. ಆ ಬೈಗುಳ ಇನ್ನೂ ಅವರಿಗೆ ಬರಬೇಕಾಗಿದೆ. ಆದಕಾರಣ ಸದರಿ ಬೈಗುಳವನ್ನು ಯಾವ ಪ್ರಾಣಿಯ ಮುಖಾಂತರವೂ ಅಲ್ಲದೆ ನೇರವಾಗಿ, ತಮ್ಮ ಬಾಯಿಂದಲೇ, ತಮಗೆ ಸಾಕೆನಿಸುವವರೆಗೆ, ಬೀದಿಗೆ ಕೇಳಿಸಿದರೂ ಅಡ್ಡಿಯಿಲ್ಲದಂತೆ ಮಂಜೂರು ಮಾಡಬೇಕಾಗಿ ವಿನಂತಿ. ಅವರು ಎದುರು ಮಾತಾಡುವುದಿಲ್ಲ. ಎಲ್ಲಿಂದ ಶುರು ಮಾಡುವುದು ಎಂದು ತಮಗೆ ತೋಚದಿದ್ದಲ್ಲಿ, "ಏನ್ರೀ" ಅಂದರೆ ಸಾಕು.